ಒಂದೇ ಬಣ್ಣದ ಅಂಗಿ ತೊಟ್ಟ ಮೂರು ಮೀನುಗಳು

ಮುಂದಿನ ಅರ್ಧ ನೀಲಿ ಬೆರೆತ ಬೂದು. ಹಿಂದಿನ ಅರ್ಧ ಹಳದಿ. ಕಣ್ಣಿನಿಂದ ಬಾಲದ ಕಡೆಗೆ ಹೋಗುವ ಒಂದು ಕಪ್ಪು ಗೆರೆ. ಉದ್ದ ಅಂದರೆ ಬೆರಳುದ್ದ. ಸೌದಿ ಅರೇಬಿಯಾದ ಜೆಡ್ಡಾದ ಉತ್ತರಕ್ಕೆ, ಓಭೂರ್ ದಾಟಿದ ಮೇಲೆ, ಹವಳ ಇರುವ ಕಡೆ ನೀರಲ್ಲಿ ಮುಖ ಮುಳುಗಿಸಿ ಸ್ವಲ್ಪ ಹೊತ್ತು ಕಾದರೆ ಇಂಥದ್ದೊಂದು ಮೀನು ಕಣ್ಣಿಗೆ ಬಿದ್ದೇ ಬೀಳುತ್ತದೆ. ನೋಡುವುದು ಸುಲಭ, ಯಾವುದನ್ನು ನೋಡಿದೆ ಅಂತ ಹೇಳುವುದು ಕಷ್ಟ. ಯಾಕೆಂದರೆ ಕೆಂಪು ಸಮುದ್ರದಲ್ಲಿ ಈ ಅಂಗಿ ತೊಟ್ಟುಕೊಂಡು ತಿರುಗುವವರು ಮೂವರು.

ಮೂವರೂ ಬ್ಲೆನ್ನಿ ಅನ್ನುವ ದೊಡ್ಡ ಕುಟುಂಬದವರು. ಒಂದೇ ಕುಟುಂಬ ಅಂದಮಾತ್ರಕ್ಕೆ ಅಣ್ಣತಮ್ಮಂದಿರಲ್ಲ, ದೂರದ ನೆಂಟರು. ಒಬ್ಬನಿಗೆ ವಿಷದ ಹಲ್ಲು ಇದೆ. ಇನ್ನೊಬ್ಬ ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುವ ಪಾಪದವನು. ಮೂರನೆಯವನು ಬೇರೆ ಮೀನುಗಳ ಮೈಯಿಂದ ಲೋಳೆ, ಹುರುಪೆ ಕಚ್ಚಿಕೊಂಡು ಓಡುವ ಕಳ್ಳ. ನನಗೆ ಆ ಪಾಪದವನ ಮೇಲೆ ಪ್ರೀತಿ ಜಾಸ್ತಿ. ಅವನ ಹೆಸರು ಎಕ್ಸೀನಿಯಸ್ ಗ್ರಾವಿಯೆರಿ. ಆದರೆ ಅವನ ಕತೆ ಹೇಳಬೇಕಾದರೆ ಉಳಿದ ಇಬ್ಬರನ್ನೂ ಕರೆಯಲೇಬೇಕು.

ನಾನು ಇಲ್ಲಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ನರ್ಸ್. ಊರು ಬೈಂದೂರು ಕಡೆ. ಸಮುದ್ರದ ಪಕ್ಕದಲ್ಲೇ ಬೆಳೆದರೂ ಅದರ ಒಳಗೆ ಏನಿದೆ ಅಂತ ಇಣುಕಿ ನೋಡಿದ್ದು ಜೆಡ್ಡಾಕ್ಕೆ ಬಂದ ಮೇಲೆ. ನಮ್ಮ ಕಡಲಿನ ನೀರು ಕಲಕಿದ್ದು, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಇಲ್ಲಿ ನದಿಯೇ ಇಲ್ಲ, ಮಳೆ ಅಪರೂಪ, ನೀರು ಗಾಜಿನ ಹಾಗೆ. ಜೊತೆಗೆ ಕೆಲಸ ಮಾಡುವ ಫಿಲಿಪೀನ್ಸ್‌ನ ಒಬ್ಬ ಸಿಸ್ಟರ್ ಊರಿಗೆ ವಾಪಸ್ ಹೋಗುವಾಗ ತನ್ನ ಹಳೇ ಮಾಸ್ಕ್, ಸ್ನಾರ್ಕೆಲ್ ಕೊಟ್ಟು ಹೋದಳು. ಅಲ್ಲಿಂದ ಶುರು. ನೈಟ್ ಡ್ಯೂಟಿ ಇಲ್ಲದ ಶುಕ್ರವಾರ ಬೆಳಗ್ಗೆ ಬೇಗ ಎದ್ದು ಹೊರಡುತ್ತೇವೆ. ನಮ್ಮ ಯಜಮಾನರು ನೀರಿಗೆ ಇಳಿಯುವುದಿಲ್ಲ. ಚಹಾದ ಫ್ಲಾಸ್ಕ್, ಮೊಬೈಲ್ ಹಿಡಿದು ನೆರಳಲ್ಲಿ ಕೂರುತ್ತಾರೆ. "ಸಿಕ್ಕಿದನಾ ನಿನ್ನ ಗ್ರಾವಿಯೆರಿ?" ಅಂತ ಕೇಳುತ್ತಾರೆ, ಅಷ್ಟೇ.

ಸಿಗುತ್ತಾನೆ. ಅವನು ಎಲ್ಲಿಗೂ ಹೋಗುವವನಲ್ಲ. ಸತ್ತ ಹವಳದಲ್ಲಿ ಹುಳುಗಳು ಕೊರೆದ ತೂತು ಇರುತ್ತವಲ್ಲ, ಅಂಥ ಒಂದು ತೂತೇ ಅವನ ಮನೆ. ಬಾಲ ಮುಂದಾಗಿ ಒಳಗೆ ಹೋಗಿ ತಲೆ ಮಾತ್ರ ಹೊರಗಿಟ್ಟು ಕೂರುತ್ತಾನೆ. ಮೊಂಡು ಮೂಗು, ಗೋಡೆಯ ಹಾಗೆ ನೆಟ್ಟಗಿರುವ ಹಣೆ, ಕೆಳಗಡೆ ಅಗಲವಾದ ಬಾಯಿ. ಎರಡು ಕಣ್ಣೂ ಬೇರೆ ಬೇರೆ ಕಡೆ ತಿರುಗುತ್ತವೆ. ಒಂದು ನನ್ನನ್ನು ನೋಡುತ್ತದೆ, ಇನ್ನೊಂದು ತನ್ನ ಕೆಲಸ ನೋಡಿಕೊಳ್ಳುತ್ತದೆ. ಸ್ವಲ್ಪ ಧೈರ್ಯ ಬಂದ ಮೇಲೆ ಹೊರಗೆ ಬಂದು ಹೊಟ್ಟೆಯ ಕೆಳಗಿನ ಎರಡು ಸಣ್ಣ ರೆಕ್ಕೆಗಳನ್ನು ಊರಿ ಕಲ್ಲಿನ ಮೇಲೆ ಕೂರುತ್ತಾನೆ. ಬಗ್ಗಿ ಪಾಚಿಗೆ ಬಾಯಿ ಹಾಕುತ್ತಾನೆ, ಮತ್ತೆ ತಲೆ ಎತ್ತಿ ನೋಡುತ್ತಾನೆ. ಈ ಗುಂಪಿನ ಮೀನುಗಳ ಮುಂದಿನ ಹಲ್ಲುಗಳು ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ, ತೆಳ್ಳಗೆ ಇರುತ್ತವೆ. ಕಲ್ಲು ಕೆರೆಯುವುದಕ್ಕೆ ಬೇಕಾದ ಹಲ್ಲು. ಆ ಹಲ್ಲಿನಲ್ಲಿ ವಿಷಗಿಷ ಏನೂ ಇಲ್ಲ. ಪೂರ್ತಿ ಬೆಳೆದರೂ ಸುಮಾರು 8 ಸೆಂಟಿಮೀಟರ್. ಮುರು (ಗ್ರೂಪರ್) ಅನ್ನುವ ದೊಡ್ಡ ಬೇಟೆ ಮೀನಿಗೆ ಒಂದು ತುತ್ತು.

ಈ ಒಂದು ತುತ್ತನ್ನು ಉಳಿಸುತ್ತಿರುವುದು ಅವನ ಅಂಗಿ.

ಅಂಗಿಯ ಅಸಲಿ ಮಾಲೀಕನ ಹೆಸರು ಮೆಯಾಕ್ಯಾಂಥಸ್ ನೈಗ್ರೊಲಿನಿಯೇಟಸ್. ಉದ್ದ ಹೆಸರು, ನಾನು ಸುಮ್ನೆ 'ಕರಿಗೆರೆ' ಅನ್ನುತ್ತೇನೆ. ಅವನು ಕೂರುವುದು ಕಡಿಮೆ. ಹವಳದಿಂದ ಒಂದೆರಡು ಅಡಿ ಮೇಲೆ, ಬಯಲಲ್ಲಿ, ನಿಧಾನಕ್ಕೆ ತೇಲುತ್ತಾನೆ. ಅವಸರ ಅನ್ನುವುದೇ ಇಲ್ಲ. ಅಷ್ಟು ಸಣ್ಣ ಮೀನು ಅಷ್ಟು ಆರಾಮಾಗಿ ನೀರಿನ ಮಧ್ಯೆ ನಿಂತಿದೆ ಅಂದರೆ ಅದಕ್ಕೆ ಏನೋ ಬಲ ಇರಲೇಬೇಕು ಅಂತ ನೋಡಿದ ತಕ್ಷಣ ಅನ್ನಿಸುತ್ತದೆ. ಬಲ ಇರುವುದು ಕೆಳದವಡೆಯಲ್ಲಿ. ಅಲ್ಲಿ ಎರಡು ದೊಡ್ಡ ಕೋರೆಹಲ್ಲು. ಹಲ್ಲಿನ ಬುಡದಲ್ಲಿ ವಿಷದ ಗ್ರಂಥಿ. ಹಲ್ಲಿನ ಮೇಲೆ ಉದ್ದಕ್ಕೂ ಒಂದು ತೋಡು, ಕಚ್ಚಿದಾಗ ವಿಷ ಅದರಲ್ಲಿ ಹರಿದು ಗಾಯಕ್ಕೆ ಸೇರುತ್ತದೆ.

ಮೀನುಗಳಲ್ಲಿ ವಿಷ ಹೊಸದೇನಲ್ಲ. ನಮ್ಮ ಕಡೆ ಬಲೆ ಎಳೆಯುವವರು ತೊರಕೆಯ ಬಾಲದ ಮುಳ್ಳಿಗೆ ಎಷ್ಟು ಹೆದರುತ್ತಾರೆ ಅಂತ ಎಲ್ಲರಿಗೂ ಗೊತ್ತು. ಆದರೆ ಮೀನಿನ ವಿಷ ಇರುವುದು ಸಾಮಾನ್ಯವಾಗಿ ಮುಳ್ಳಿನಲ್ಲಿ. ಕಚ್ಚಿ ವಿಷ ಬಿಡುವ ಮೀನುಗಳು ತೀರಾ ಅಪರೂಪ. ಇನ್ನೊಂದು ವ್ಯತ್ಯಾಸವೂ ಇದೆ. ಮುಳ್ಳಿನ ವಿಷ ಅಂದರೆ ನೋವು, ಗಂಡಸರೂ ಕಿರುಚುವಂಥ ನೋವು. ಮೆಯಾಕ್ಯಾಂಥಸ್ ವಿಷದಲ್ಲಿ ಅದೇ ಇಲ್ಲ.

2017ರಲ್ಲಿ ಲಿವರ್‌ಪೂಲಿನ ನಿಕೋಲಸ್ ಕೇಸ್‌ವೆಲ್, ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಬ್ರಯಾನ್ ಫ್ರೈ ಮತ್ತು ಜೊತೆಗಾರರು ಈ ಜಾತಿಯ ಮೀನುಗಳ ವಿಷವನ್ನು ಬಿಡಿಸಿ ನೋಡಿದರು. ಮೂರು ಬಗೆಯ ವಸ್ತು ಸಿಕ್ಕವು. ಒಂದು ಫಾಸ್ಫೋಲೈಪೇಸ್, ಹಾವು, ಜೇನುಹುಳಗಳ ವಿಷದಲ್ಲೂ ಈ ಗುಂಪಿನದ್ದು ಇರುತ್ತದೆ. ಇನ್ನೊಂದು ನ್ಯೂರೋಪೆಪ್ಟೈಡ್ ವೈ, ನರಗಳು ಸುದ್ದಿ ಕಳಿಸಲು ಬಳಸುವ ಪುಟ್ಟ ಪ್ರೋಟೀನ್. ಮೂರನೆಯದು ಎನ್‌ಕೆಫಲಿನ್. ಈ ಕೊನೆಯದರ ಹೆಸರು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮಾರ್ಫಿನ್ ನಮ್ಮ ದೇಹದಲ್ಲಿ ಎಲ್ಲಿ ಹೋಗಿ ಅಂಟಿಕೊಳ್ಳುತ್ತದೋ ಅಲ್ಲೇ ಅಂಟಿಕೊಳ್ಳುವ ವಸ್ತು ಅದು. ನಮ್ಮ ದೇಹ ತಾನೇ ತಯಾರಿಸಿಕೊಳ್ಳುವ ನೋವಿನ ಮದ್ದು. ಇಲಿಗಳಿಗೆ ಈ ವಿಷ ಚುಚ್ಚಿದಾಗ ಅವು ನೋವಿನಿಂದ ಒದ್ದಾಡಲಿಲ್ಲ. ಆದರೆ ರಕ್ತದೊತ್ತಡ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕುಸಿಯಿತು.

ಇದನ್ನು ನಮ್ಮ ವಾರ್ಡಿನ ಲೆಕ್ಕದಲ್ಲಿ ಹೇಳುತ್ತೇನೆ. ಸರಾಸರಿ ಒತ್ತಡ 90 ಇರುವ ಪೇಷಂಟ್‌ಗೆ ಹೀಗೆ ಆದರೆ ಅದು 60ಕ್ಕಿಂತ ಕೆಳಗೆ ಬರುತ್ತದೆ. ನಾವು 65ರ ಕೆಳಗೆ ಬಿಡುವುದಿಲ್ಲ, ಮಾನಿಟರ್ ಕೂಗಲು ಶುರುವಾದರೆ ಓಡುತ್ತೇವೆ. ಆ ಸ್ಥಿತಿಯಲ್ಲಿರುವ ಮನುಷ್ಯ ಏಳಲು ಹೋದರೆ ಕಣ್ಣು ಕತ್ತಲೆ ಬರುತ್ತದೆ, ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ಈಗ ಇದೇ ಸ್ಥಿತಿ ಒಂದು ಮುರು ಮೀನಿಗೆ, ಅದೂ ಬಾಯಲ್ಲಿ ತುತ್ತು ಇರುವಾಗ ಬಂದರೆ? ನುಂಗುವುದು ಬಿಡಿ, ಬಾಯಿ ಮುಚ್ಚಿ ಹಿಡಿಯುವುದೂ ಕಷ್ಟ.

ಪತ್ರಿಕೆಗಳು ಆಗ ಇದನ್ನು 'ಹೆರಾಯಿನ್ ಮೀನು' ಅಂತ ಬರೆದವು. ನನಗೆ ಅದು ಸರಿ ಕಾಣುವುದಿಲ್ಲ. ಎನ್‌ಕೆಫಲಿನ್ ರಕ್ತದಲ್ಲಿ ಬೇಗ ಒಡೆದು ಹೋಗುತ್ತದೆ, ಮಿದುಳಿನೊಳಗೆ ಸುಲಭವಾಗಿ ದಾಟುವುದೂ ಇಲ್ಲ. ಅದು ಮುರು ಮೀನಿಗೆ ಅಮಲು ಏರಿಸುತ್ತದೆ ಅನ್ನುವುದು ಬರೀ ತಲೆಬರಹಕ್ಕೆ ಚೆಂದ. ತಲೆ ತಿರುಗಿಸುತ್ತದೆ ಅಂದರೆ ಸಾಕು.

ವಿಷದ ರಸಾಯನ ಗೊತ್ತಾಗುವುದಕ್ಕೆ ಎಷ್ಟೋ ಮೊದಲೇ ಅದರ ಕೆಲಸವನ್ನು ಕಣ್ಣಾರೆ ನೋಡಿದವರು ಇದ್ದಾರೆ. 1972ರಲ್ಲಿ ವಿಜ್ಞಾನಿ ಜಾರ್ಜ್ ಲೋಸಿ ಪೆಸಿಫಿಕ್ ಸಾಗರದ, ಇದೇ ಮೆಯಾಕ್ಯಾಂಥಸ್ ಗುಂಪಿನ ಇನ್ನೊಂದು ಮೀನಿನ ಬಗ್ಗೆ ಬರೆದರು. ದೊಡ್ಡ ಮೀನು ಅದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಕೂಡಲೇ ಅದರ ತಲೆ ನಡುಗುತ್ತದೆ. ದವಡೆ, ಕಿವಿರು ಎರಡೂ ಅಗಲವಾಗಿ ತೆರೆದುಕೊಳ್ಳುತ್ತವೆ. ಒಳಗಿದ್ದ ಸಣ್ಣ ಮೀನು ಏನೂ ಆಗದ ಹಾಗೆ ಹೊರಗೆ ಈಜಿಕೊಂಡು ಬರುತ್ತದೆ. ಒಮ್ಮೆ ಹೀಗೆ ಆದ ಮೀನು ಮತ್ತೆ ಅದರ ಸುದ್ದಿಗೆ ಹೋಗುವುದಿಲ್ಲ. ಅದರ ಹಾಗೆ ಕಾಣುವ ಬೇರೆ ಮೀನಿನ ಸುದ್ದಿಗೂ ಹೋಗುವುದಿಲ್ಲ. ನಮ್ಮ ಗ್ರಾವಿಯೆರಿ ಬದುಕಿರುವುದು ಈ ಕೊನೆಯ ವಾಕ್ಯದ ಮೇಲೆ.

ನೋವಿಲ್ಲದ ಪಾಠ ಇಷ್ಟು ಗಟ್ಟಿಯಾಗಿ ಹೇಗೆ ನೆನಪಿರುತ್ತದೆ ಅಂತ ನಾನು ತುಂಬಾ ಯೋಚಿಸಿದ್ದೇನೆ. ನನ್ನ ಕೆಲಸದ ಅನುಭವ ಹೇಳುವುದಾದರೆ, ಪೇಷಂಟ್‌ಗಳು ನೋವನ್ನು ಬೇಗ ಮರೆಯುತ್ತಾರೆ. ತಲೆಸುತ್ತು, ವಾಂತಿ ಬಂದದ್ದನ್ನು ಮರೆಯುವುದಿಲ್ಲ. ಅವತ್ತು ತಿಂದ ಗಂಜಿಯನ್ನು ಆಮೇಲೆ ವರ್ಷಗಟ್ಟಲೆ ಮುಟ್ಟದವರನ್ನು ನೋಡಿದ್ದೇನೆ. ಇದು ವಿಜ್ಞಾನಿಗಳ ಮಾತಲ್ಲ, ನನ್ನ ಮಾತು.

ಮೂರನೆಯವನು ಪ್ಲಾಜಿಯೊಟ್ರೀಮಸ್ ಟೌನ್ಸೆಂಡಿ. ಮೂವರಲ್ಲಿ ತುಂಬಾ ಸಣ್ಣವನು, ಸಪೂರ. ಇವನಿಗೂ ಕೋರೆಹಲ್ಲಿದೆ, ಆದರೆ ವಿಷ ಇಲ್ಲ. ಕೇಸ್‌ವೆಲ್ ತಂಡದವರು ಕಂಡುಕೊಂಡ ಸ್ವಾರಸ್ಯದ ವಿಷಯವೂ ಇದೇ: ಈ ಮೀನುಗಳ ವಂಶದಲ್ಲಿ ಕೋರೆಹಲ್ಲು ಮೊದಲು ಬಂತು, ವಿಷ ಆಮೇಲೆ ಸೇರಿತು. ಟೌನ್ಸೆಂಡಿ ಬಯಲಲ್ಲಿ ಸಾಧು ಕರಿಗೆರೆಯ ಹಾಗೆ ತೇಲುತ್ತಿರುತ್ತಾನೆ. ಬೇರೆ ಮೀನುಗಳಿಗೆ ಕರಿಗೆರೆಯಿಂದ ತೊಂದರೆ ಇಲ್ಲ, ಅದು ತಾನಾಗಿ ಯಾರ ತಂಟೆಗೂ ಹೋಗುವುದಿಲ್ಲ, ಹಾಗಾಗಿ ಆ ಅಂಗಿಯವನು ಹತ್ತಿರ ಬಂದರೂ ಅವು ಸುಮ್ಮನಿರುತ್ತವೆ. ಅಷ್ಟರಲ್ಲಿ ಹಿಂದಿನಿಂದ ನುಗ್ಗಿ ಒಂದು ಕಚ್ಚು. ಚೂರು ಲೋಳೆ, ಒಂದೆರಡು ಹುರುಪೆ ಬಾಯಲ್ಲಿ. ಆಮೇಲೆ ಓಟ. ಒಂದೇ ಅಂಗಿಯಿಂದ ಇವನಿಗೆ ಎರಡು ಲಾಭ: ತಿನ್ನುವವರು ಹತ್ತಿರ ಬರುವುದಿಲ್ಲ, ತಾನು ತಿನ್ನಬೇಕಾದವರು ದೂರ ಓಡುವುದಿಲ್ಲ.

ಈ ಟೌನ್ಸೆಂಡ್ ಅನ್ನುವವರು ಯಾರು ಅಂತ ಹುಡುಕಿದ್ದೆ. ಮೀನಿನ ವಿಜ್ಞಾನಿಯೇನಲ್ಲ. ನೂರು ಚಿಲ್ಲರೆ ವರ್ಷಗಳ ಹಿಂದೆ ಪರ್ಷಿಯನ್ ಕೊಲ್ಲಿಯಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ ನೋಡಿಕೊಳ್ಳುವ ಹಡಗಿನಲ್ಲಿದ್ದವರು. ಕರಾಚಿ, ಒಮಾನ್ ಕಡೆಯ ಕಡಲಿನಿಂದ ಚಿಪ್ಪು, ಮೀನು ಎಲ್ಲ ಕೂಡಿಹಾಕಿ ಲಂಡನ್‌ಗೆ ಕಳಿಸುತ್ತಿದ್ದರು. ಅವರು ಕಳಿಸಿದ ಮೀನುಗಳನ್ನು ನೋಡಿ 1905ರಲ್ಲಿ ಚಾರ್ಲ್ಸ್ ಟೇಟ್ ರೇಗನ್ ಇದಕ್ಕೆ ಅವರ ಹೆಸರಿಟ್ಟರು. ಮರುವರ್ಷ, 1906ರಲ್ಲಿ, ಪ್ಯಾರಿಸ್ಸಿನ ಜಾಕ್ ಪೆಲ್ಲೆಗ್ರಿನ್ ಗ್ರಾವಿಯೆರಿಗೆ ಹೆಸರಿಟ್ಟರು. ಅಸಲಿ ಕರಿಗೆರೆಗೆ ಹೆಸರು ಸಿಕ್ಕಿದ್ದು ಮಾತ್ರ 1969ರಲ್ಲಿ, ವಿಲಿಯಂ ಸ್ಮಿತ್-ವಾನಿಜ್ ಅವರಿಂದ. ನಕಲಿಗಳಿಬ್ಬರೂ ಪುಸ್ತಕ ಸೇರಿ ಅರವತ್ತು ವರ್ಷದ ಮೇಲೆ ಅಸಲಿ ಬಂದ. ನನಗೆ ಇದು ಯಾವಾಗಲೂ ನಗು ತರಿಸುತ್ತದೆ.

ಮೂವರನ್ನೂ ಒಟ್ಟಿಗೆ ನಿಲ್ಲಿಸಿ ಇದು ಅನುಕರಣೆ ಅಂತ ಬಿಡಿಸಿ ಬರೆದವರು ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಂನ ವಿಕ್ಟರ್ ಸ್ಪ್ರಿಂಗರ್ ಮತ್ತು ಇದೇ ಸ್ಮಿತ್-ವಾನಿಜ್, 1972ರಲ್ಲಿ. ಸ್ಪ್ರಿಂಗರ್ ಅವರಂತೂ ಜೀವಮಾನವನ್ನೇ ಬ್ಲೆನ್ನಿಗಳಿಗೆ ಕೊಟ್ಟವರು. ಎಕ್ಸೀನಿಯಸ್ ಗುಂಪಿನ ಬಗ್ಗೆ 1971ರಲ್ಲಿ ಒಂದು ದೊಡ್ಡ ಕೆಲಸ ಮಾಡಿ, ಸಾಲದೆ 1988ರಲ್ಲಿ ಮತ್ತೊಮ್ಮೆ ಪೂರ್ತಿ ಮಾಡಿದರು. ಬೆರಳುದ್ದದ ಮೀನಿಗಾಗಿ!

ಈ ಅಂಗಿಯ ಆಟಕ್ಕೆ ಒಂದು ಲೆಕ್ಕಾಚಾರ ಇದೆ. 1862ರಲ್ಲಿ ಹೆನ್ರಿ ಬೇಟ್ಸ್ ಅಮೆಜಾನ್ ಕಾಡಿನ ಚಿಟ್ಟೆಗಳನ್ನು ನೋಡಿ ಹೇಳಿದ್ದು ಇದನ್ನೇ. ರುಚಿಯಿಲ್ಲದ ಚಿಟ್ಟೆಯ ವೇಷದಲ್ಲಿ ರುಚಿಯಿರುವ ಚಿಟ್ಟೆ ಬದುಕುತ್ತದೆ. ಆದರೆ ವೇಷಧಾರಿಗಳು ಮಿತಿಮೀರಿದರೆ ಆಟ ಕೆಡುತ್ತದೆ. ಮರಿ ಮುರು ಮೀನೊಂದು ಮೊದಲ ಸಲ ಹಳದಿ ಬಾಲ ಕಂಡು ಬಾಯಿ ಹಾಕುತ್ತದೆ ಅಂದುಕೊಳ್ಳಿ. ಸಿಕ್ಕಿದ್ದು ಕರಿಗೆರೆಯಾದರೆ ಪಾಠ ಕಲಿಯುತ್ತದೆ. ಗ್ರಾವಿಯೆರಿಯಾದರೆ ಊಟ ಸಿಗುತ್ತದೆ, ಹಳದಿ ಬಾಲ ಅಂದರೆ ಒಳ್ಳೇದು ಅಂತ ತಿಳಿಯುತ್ತದೆ. ಹೀಗೆ ನಾಲ್ಕು ಸಲ ಆದರೆ ಕರಿಗೆರೆಗೂ ನೆಮ್ಮದಿ ಇಲ್ಲ. ಹಾಗಾಗಿ ಅಸಲಿ ಇರುವಲ್ಲೇ ನಕಲಿ ಇರಬೇಕು, ಅಸಲಿಗಿಂತ ಕಡಿಮೆ ಇರಬೇಕು. ಕಳ್ಳ ಟೌನ್ಸೆಂಡಿಯ ಲೆಕ್ಕ ಇನ್ನೂ ಬಿಗಿ. ಅವನು ಜಾಸ್ತಿ ಕಚ್ಚಿದಷ್ಟೂ ಅಂಗಿಯ ಹೆಸರು ಹಾಳು.

ಪಾಠ ಕಲಿಯಬೇಕಾದ ಆ ದೊಡ್ಡ ಮೀನುಗಳನ್ನು ನೋಡಬೇಕಾದರೆ ನೀರಿಗೇ ಇಳಿಯಬೇಕಿಲ್ಲ. ಜೆಡ್ಡಾದ ಬಂಗಲಾ ಮೀನು ಮಾರ್ಕೆಟ್‌ಗೆ ಹೋದರೆ ಐಸಿನ ಮೇಲೆ ಮಲಗಿರುತ್ತವೆ. ಇಲ್ಲಿನವರು 'ನಾಜಿಲ್' ಅನ್ನುವ ಮುರು ಜಾತಿಯ ಕೆಂಪು ಮೀನಿಗೆ ಎಲ್ಲಿಲ್ಲದ ಬೆಲೆ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಗ್ರಾವಿಯೆರಿಯ ಫೋಟೋ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಅದ್ ತಿಂಬುಕ್ ಆತ್ತಾ?"

"ಇಲ್ಲ ಅಮ್ಮ, ಬೆರಳಷ್ಟೇ ಉದ್ದ ಇದೆ."

"ಮತ್ತೆ ಎಂತಕ್ಕೆ ನೋಡೂದ್ ಅದನ್?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಜಿಲ್ ತೋರಿಸಿದೆ. ಅಮ್ಮನಿಗೆ ಸಮಾಧಾನ ಆಯಿತು. ಅಂದಹಾಗೆ ನಮ್ಮ ಸೋಮೇಶ್ವರದ ಬಂಡೆಗಳ ಗುಂಡಿಯಲ್ಲಿ, ಅಲೆ ಇಳಿದಾಗ, ಕಲ್ಲಿನ ಬಣ್ಣದ್ದೇ ಪುಟ್ಟ ಮೀನುಗಳು ಇರುತ್ತವಲ್ಲ, ಹಿಡಿಯಲು ಹೋದರೆ ಪಕ್ಕದ ಗುಂಡಿಗೆ ಹಾರುವಂಥವು, ಆ ಬಗೆಯವೂ ಬ್ಲೆನ್ನಿ ಕುಟುಂಬದವೇ. ಚಿಕ್ಕಂದಿನಲ್ಲಿ ಅವುಗಳ ಹಿಂದೆ ಓಡಿದ್ದೇ ಬಂತು, ಒಂದೂ ಕೈಗೆ ಸಿಕ್ಕಿದ್ದಿಲ್ಲ.

ಸರಿ, ಮೂವರನ್ನು ಬೇರೆ ಮಾಡುವುದು ಹೇಗೆ? ಕೆಲವರು ಫೋಟೋ ಕಳಿಸಿ ಕೇಳುತ್ತಾರೆ. ಫೋಟೋ ಚೆನ್ನಾಗಿದ್ದರೆ ಗೆರೆ ನೋಡಿ. ಕರಿಗೆರೆಯಲ್ಲಿ ಅದು ಹಿಂದಿನವರೆಗೂ ಕಡಿಯದೆ ಹೋಗುತ್ತದೆ. ಗ್ರಾವಿಯೆರಿಯಲ್ಲಿ ಬಾಲದ ಹತ್ತಿರ ಬರುತ್ತಾ ತುಂಡು ತುಂಡಾಗಿ ಚುಕ್ಕೆಗಳಾಗುತ್ತದೆ. ಮುಖದಲ್ಲೂ ಗೊತ್ತಾಗುತ್ತದೆ, ಗ್ರಾವಿಯೆರಿಯದು ನಾನು ಮೊದಲೇ ಹೇಳಿದ ಮೊಂಡು ಮೂತಿ. ಟೌನ್ಸೆಂಡಿಯ ಬಾಯಿ ಮೂಗಿನ ಕೆಳಗೆ ಅಡಗಿರುತ್ತದೆ. ಆದರೆ ನೀರಿನ ಒಳಗೆ, ಅಲೆ ನಿಮ್ಮನ್ನು ಆಚೀಚೆ ತೂಗುತ್ತಿರುವಾಗ, ಚುಕ್ಕೆ ಎಣಿಸುವುದೆಲ್ಲ ಆಗದ ಮಾತು.

ಅಲ್ಲಿ ಬೇಕಾದ್ದು ನಡೆ. ಬ್ಲೆನ್ನಿಗಳಲ್ಲಿ ಬಹಳಷ್ಟಕ್ಕೆ ಹೊಟ್ಟೆಯೊಳಗೆ ಗಾಳಿಚೀಲ ಇರುವುದಿಲ್ಲ, ಈಜುವುದು ನಿಲ್ಲಿಸಿದರೆ ಮುಳುಗುತ್ತವೆ. ಮೆಯಾಕ್ಯಾಂಥಸ್‌ಗೆ ಇದೆ. ಅದಕ್ಕೇ ಅವನು ಶ್ರಮವಿಲ್ಲದೆ ತೇಲುವುದು. ಗ್ರಾವಿಯೆರಿಗೆ ಆ ಸೌಲಭ್ಯ ಇಲ್ಲ. ಆದರೂ ಅವನು ಪ್ರಯತ್ನ ಮಾಡುತ್ತಾನೆ ನೋಡಿ! ಕಲ್ಲು ಬಿಟ್ಟು ಮೇಲೆ ಬರುತ್ತಾನೆ, ಕರಿಗೆರೆಯ ಹಾಗೆ ಮೈ ನೆಟ್ಟಗೆ ಮಾಡುತ್ತಾನೆ, ಬಯಲಲ್ಲಿ ಸ್ವಲ್ಪ ದೂರ ಗಂಭೀರವಾಗಿ ಹೋಗುತ್ತಾನೆ. ಪಕ್ಕದ ರೆಕ್ಕೆಗಳು ಮಾತ್ರ ಬಿಡುವಿಲ್ಲದೆ ಬಡಿಯುತ್ತಿರುತ್ತವೆ. ಸ್ವಲ್ಪ ಹೊತ್ತಿಗೇ ಸಾಕಾಗಿ ಇಳಿದು ಕೂತುಬಿಡುತ್ತಾನೆ. ಬಣ್ಣ ಹುಟ್ಟಿನಿಂದ ಬಂದದ್ದು, ಅದರಲ್ಲಿ ಅವನ ಪಾಲು ಏನೂ ಇಲ್ಲ. ಈ ನಡೆ ಮಾತ್ರ ದಿನಾ ಮಾಡಬೇಕಾದ ಕೆಲಸ. ಬಣ್ಣದ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನ್ನ ಪ್ರಕಾರ ನೋಡಬೇಕಾದದ್ದು ಆ ರೆಕ್ಕೆ ಬಡಿತ.

ಅಕ್ವೇರಿಯಂ ಇಟ್ಟುಕೊಂಡವರಿಗೂ ಈ ಮೀನು ಗೊತ್ತಿರುತ್ತದೆ, ಪಾಚಿ ತಿನ್ನುತ್ತದೆ ಅಂತ ಮಾರುತ್ತಾರೆ. ಮಾಡುವವರು ಮಾಡಲಿ. ಕರಿಗೆರೆ ಇಲ್ಲದ, ಹೆದರಿಸಬೇಕಾದವರೂ ಇಲ್ಲದ ಗಾಜಿನ ತೊಟ್ಟಿಯಲ್ಲಿ ಅವನ ವೇಷಕ್ಕೆ ಏನು ಕೆಲಸ, ಅಲ್ವಾ?

ಜೆಡ್ಡಾದಲ್ಲಿ ಇರುವವರು, ಬರುವವರು ನೋಡಬೇಕೆಂದಿದ್ದರೆ ಕೆಲವು ಮಾತು. ಬೆಳಗ್ಗೆ ಹೋಗಿ, ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಎದ್ದು ನೀರು ಕಲಕುತ್ತದೆ. ಆಳಕ್ಕೆ ಹೋಗುವ ಅಗತ್ಯ ಇಲ್ಲ, ಹವಳದ ದಂಡೆ ಇಳಿಯಲು ಶುರುವಾಗುವ ಅಂಚು ಸಾಕು. ಬರಿಗಾಲಲ್ಲಿ ಇಳಿಯಬೇಡಿ, ಕಲ್ಲುಮೀನು ಇದೆ, ಅದರ ಮುಳ್ಳಿನ ವಿಷದಲ್ಲಿ ಎನ್‌ಕೆಫಲಿನ್ ಕರುಣೆ ಇಲ್ಲ. ಹವಳದ ಮೇಲೆ ನಿಲ್ಲಬೇಡಿ. ಒಂದು ಬಂಡೆ ಆರಿಸಿ, ಅದರ ಎದುರು ಅಲ್ಲಾಡದೆ ತೇಲಿ. ಕೈಕಾಲು ಬಡಿದರೆ ಎಲ್ಲರೂ ಒಳಗೆ ಹೋಗುತ್ತಾರೆ. ಹಳದಿ ಬಾಲದವನು ಕಲ್ಲಿನ ಮೇಲೆ ಕೂತು ಪಾಚಿ ಕೆರೆಯುತ್ತಿದ್ದರೆ ಗ್ರಾವಿಯೆರಿ. ಬರೀ ಕೂತಿದ್ದು, ಕೆರೆಯದೆ ಇದ್ದು, ಗೆರೆಯೂ ತುಂಡಾಗದೆ ಇದ್ದರೆ ಬೆರಳು ಹತ್ತಿರ ಒಯ್ಯಬೇಡಿ. ಕರಿಗೆರೆಯೂ ಆಗಾಗ ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತದೆ.